ಸ್ಟುಡಿಯೊದ ಹಳೆಯ ಪೆಂಟಾಕ್ಸ್ ಕೊಳ್ಳಬಹುದೇ?

ಪ್ರಶ್ನೆ: ನಮ್ಮೂರಿನಲ್ಲಿ ಸ್ಟುಡಿಯೊ ಮುಚ್ಚುತ್ತಿರುವ ಹಿರಿಯರೊಬ್ಬರು ತಮ್ಮ ಪೆಂಟಾಕ್ಸ್ ಕೆ1000 ಕ್ಯಾಮೆರಾವನ್ನು 50 ಮಿ.ಮೀ. ಲೆನ್ಸ್ ಸಹಿತ ಕೊಡಲು ಒಪ್ಪಿದ್ದಾರೆ. ಹತ್ತು ವರ್ಷಗಳಿಂದ ಅದು ಕಪಾಟಿನಲ್ಲೇ ಇದೆಯಂತೆ. ಅದೇ ಬೆಲೆಗೆ ನಿಕಾನ್ ಎಫ್‌ಎಂ2 ಒಂದು ಆನ್‌ಲೈನಿನಲ್ಲಿ ಕಂಡಿತು. ಅದರ ಚಿತ್ರಗಳನ್ನು ಮಾತ್ರ ನೋಡಿದ್ದೇನೆ. ರೀಲಿನ ಕ್ಯಾಮೆರಾ ನನಗೆ ಹೊಸದು. ಯಾವುದನ್ನು ಕೊಳ್ಳಲಿ, ಏನನ್ನು ಪರೀಕ್ಷಿಸಲಿ?
— ಓದುಗರೊಬ್ಬರು, ಕುಂದಾಪುರ

ಉತ್ತರ: ಕೈಯಲ್ಲಿ ಹಿಡಿದು ನೋಡಬಹುದಾದ ಪೆಂಟಾಕ್ಸನ್ನೇ ಆರಿಸಿಕೊಳ್ಳಿ. 1982ರಲ್ಲಿ ಬಂದ ಎಫ್‌ಎಂ2 ಸೆಕೆಂಡಿನ 4000ನೇ ಒಂದು ಭಾಗದಷ್ಟು ವೇಗದ ಶಟರ್ (ಫಿಲ್ಮಿನ ಮೇಲೆ ಕ್ಷಣಕಾಲ ಬೆಳಕು ಬಿಡುವ ಪರದೆ) ಇರುವ ಒಳ್ಳೆಯ ಕ್ಯಾಮೆರಾ, ನಿಜ. ಆದರೆ ಸಾಮಾನ್ಯವಾಗಿ ಅದು ಕೆ1000ಕ್ಕಿಂತ ದುಬಾರಿ. ಅದೇ ಬೆಲೆಗೆ ಸಿಗುತ್ತಿದ್ದರೆ ಅದಕ್ಕೊಂದು ಕಾರಣವಿರಬೇಕು, ಆ ಕಾರಣ ಚಿತ್ರದಲ್ಲಿ ಕಾಣಿಸುವಂಥದ್ದಲ್ಲ. 1976ರಿಂದ 1997ರವರೆಗೆ ತಯಾರಾದ ಕೆ1000ರ ಶಟರ್ ಪೂರ್ತಿ ಯಾಂತ್ರಿಕವಾದದ್ದು. ಬ್ಯಾಟರಿ ಬೇಕಾಗುವುದು ಬೆಳಕು ಅಳೆಯುವ ಮೀಟರಿಗೆ ಮಾತ್ರವಾದ್ದರಿಂದ, ಮೀಟರ್ ಕೆಟ್ಟಿದ್ದರೂ ಫೋಟೊ ತೆಗೆಯಲು ಅಡ್ಡಿಯಿಲ್ಲ.

ಮೊದಲು ಲೆನ್ಸ್ ನೋಡಿ. ಕರಾವಳಿಯ ಹತ್ತು ಮಳೆಗಾಲಗಳನ್ನು ಕಪಾಟಿನಲ್ಲಿ ಕಳೆದ ಲೆನ್ಸಿಗೆ ಬೂಷ್ಟು ಹಿಡಿಯದಿದ್ದರೆ ಅದೇ ಆಶ್ಚರ್ಯ. ಚರ್ಮದ ಕವಚದಲ್ಲಿಟ್ಟಿದ್ದರಂತೂ ಚರ್ಮ ತೇವವನ್ನು ಹಿಡಿದಿಟ್ಟುಕೊಂಡು ಅದಕ್ಕೆ ಇನ್ನಷ್ಟು ಅನುಕೂಲ ಮಾಡಿಕೊಟ್ಟಿರುತ್ತದೆ. ಲೆನ್ಸನ್ನು ಬಿಚ್ಚಿ, ಅಪರ್ಚರ್ (ಬೆಳಕು ಒಳಬರುವ ಕಿಂಡಿ) ಉಂಗುರವನ್ನು, ಕಿಂಡಿ ಪೂರ್ತಿ ತೆರೆಯುವಂತೆ, ಅತಿ ಚಿಕ್ಕ ಅಂಕಿಗೆ ತಿರುಗಿಸಿ, ಹಿಂಬದಿಯಿಂದ ಟಾರ್ಚಿನ ಬೆಳಕನ್ನು ಓರೆಯಾಗಿ ಬಿಟ್ಟು ಮುಂದಿನಿಂದ ನೋಡಿ. ಚುಕ್ಕೆ ಚುಕ್ಕೆಯಾಗಿ ಕಾಣುವುದು ಧೂಳು. ಅದು ಹಳೆಯ ಲೆನ್ಸುಗಳಲ್ಲಿ ಇದ್ದದ್ದೇ, ಚಿತ್ರಕ್ಕೆ ಬಾಧಕವಲ್ಲ. ಜೇಡರ ಬಲೆಯ ಎಳೆಗಳಂತೆ ಕವಲೊಡೆದು ಹರಡಿರುವುದು ಬೂಷ್ಟು. ನಾನೇ ಒಮ್ಮೆ ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಇದನ್ನು ಧೂಳೆಂದು ತಿಳಿದು ಹಣ ಕೊಟ್ಟು ಬಂದು, ಮನೆಯಲ್ಲಿ ಟಾರ್ಚ್ ಹಿಡಿದಾಗ ಕೈ ಕೈ ಹಿಸುಕಿಕೊಂಡಿದ್ದೇನೆ. ಈಚೆಗೆ ಹಿಡಿದ ಬೂಷ್ಟನ್ನು ಬಲ್ಲವರು ಬಿಚ್ಚಿ ಒರೆಸಬಲ್ಲರು. ಗಾಜಿನ ಮೇಲಿನ ಲೇಪನವನ್ನೇ ಅದು ತಿಂದಿದ್ದರೆ ಗುರುತು ಉಳಿದುಬಿಡುತ್ತದೆ. ಮುಂಗಾಜಿನ ಒಂದೆರಡು ಗೀರುಗಳಿಗೆ ಹೆದರಬೇಕಿಲ್ಲ, ಹಿಂಗಾಜಿನ ಗೀರಿಗೆ ಹೆದರಬೇಕು.

ಆಮೇಲೆ ಉಂಗುರವನ್ನು 16ಕ್ಕೆ ತಿರುಗಿಸಿ, ಲೆನ್ಸಿನ ಹಿಂದಿರುವ ಪುಟ್ಟ ಸನ್ನೆಯನ್ನು ಬೆರಳಿನಿಂದ ತಳ್ಳಿ ಬಿಡಿ. ಬಿಟ್ಟೊಡನೆ ಅಪರ್ಚರಿನ ಎಸಳುಗಳು ಥಟ್ಟನೆ ಮುಚ್ಚಿಕೊಳ್ಳಬೇಕು. ಎಸಳುಗಳ ಮೇಲೆ ಎಣ್ಣೆಯ ಹೊಳಪಿದ್ದು ಅವು ನಿಧಾನಿಸಿದರೆ, ಮುಚ್ಚುವ ಮೊದಲೇ ಶಟರ್ ಬಿದ್ದು ಚಿತ್ರಕ್ಕೆ ಬೆಳಕು ಹೆಚ್ಚಾಗುತ್ತದೆ.

ಕ್ಯಾಮೆರಾದ ಹಿಂಬಾಗಿಲನ್ನು ತೆರೆದು, ಲೆನ್ಸಿಲ್ಲದೆ ಬಿಳಿ ಗೋಡೆಯ ಕಡೆಗೆ ಹಿಡಿದು, ಶಟರನ್ನು 1000ಕ್ಕೆ (ಎಂದರೆ ಸೆಕೆಂಡಿನ 1000ನೇ ಒಂದು ಭಾಗಕ್ಕೆ) ಇಟ್ಟು ನಾಲ್ಕಾರು ಸಲ ಒತ್ತಿ. ಮಿಂಚುವ ಚೌಕದ ಒಂದು ಬದಿ ಕಪ್ಪಾಗಿ ಕಂಡರೆ ಶಟರಿನ ಬಟ್ಟೆಯ ಪರದೆಗಳ ಓಟ ತಪ್ಪಿದೆ ಎಂದರ್ಥ. ರಿಪೇರಿ ಮಾಡುವವರು ಹತ್ತಿರದಲ್ಲಿಲ್ಲದಿದ್ದರೆ ಅಂಥದ್ದನ್ನು ಬಿಟ್ಟುಬಿಡಿ. ಒಂದು ಸೆಕೆಂಡಿಗೆ ಇಟ್ಟಾಗಲೂ ಶಟರ್ ತಡವರಿಸದೆ ಮುಚ್ಚಬೇಕು. ಬಾಗಿಲಿನ ಅಂಚಿನ ಕಪ್ಪು ಸ್ಪಂಜು ಉಗುರಿಗೆ ಟಾರಿನಂತೆ ಅಂಟಿದರೆ ಗಾಬರಿಯಾಗಬೇಡಿ: ಬೆಳಕು ಒಳನುಗ್ಗದಂತೆ ತಡೆಯುವ ಆ ಪಟ್ಟಿಯನ್ನು ಕಡಿಮೆ ಖರ್ಚಿನಲ್ಲಿ ಬದಲಿಸಬಹುದು, ಚೌಕಾಸಿಗೂ ಒಂದು ನೆಪವಾಯಿತು.

ಮೀಟರಿಗೆ ಹೊಸ ಎಲ್‌ಆರ್44 ಬ್ಯಾಟರಿ ಹಾಕಿ. ಫಿಲ್ಮ್ ವೇಗವನ್ನು (ಬೆಳಕಿಗೆ ಫಿಲ್ಮ್ ಸ್ಪಂದಿಸುವ ಪ್ರಮಾಣವನ್ನು) 100ಕ್ಕೂ ಶಟರನ್ನು 125ಕ್ಕೂ ಅಪರ್ಚರನ್ನು 16ಕ್ಕೂ ಇಟ್ಟು, ನಿಚ್ಚಳ ಮಧ್ಯಾಹ್ನದ ಬಿಸಿಲು ಬಿದ್ದ ಹುಲ್ಲನ್ನು ಕ್ಯಾಮೆರಾದ ಕಿಂಡಿಯಿಂದ ನೋಡಿದರೆ ಅಲ್ಲಿ ಕಾಣುವ ಮೀಟರಿನ ಮುಳ್ಳು ಹೆಚ್ಚುಕಡಿಮೆ ನಡುವೆ ನಿಲ್ಲಬೇಕು. ಈ ಕ್ಯಾಮೆರಾದಲ್ಲಿ ಮೀಟರಿಗೆ ಸ್ವಿಚ್ ಇಲ್ಲವಾದ್ದರಿಂದ, ಕೆಲಸ ಮುಗಿದ ಮೇಲೆ ಲೆನ್ಸಿಗೆ ಮುಚ್ಚಳ ಹಾಕದಿದ್ದರೆ ಬ್ಯಾಟರಿ ಸುಮ್ಮನೆ ಮುಗಿಯುತ್ತದೆ.

ಇಷ್ಟಾದರೂ ರೀಲು ತೊಳೆಯುವವರೆಗೆ ಯಾವುದೂ ಖಚಿತವಲ್ಲ. ಮುಂಗಡ ಕೊಟ್ಟು, ಒಂದು ಕಪ್ಪು-ಬಿಳುಪು ರೀಲನ್ನು ಶಟರಿನ ಎಲ್ಲ ವೇಗಗಳಲ್ಲೂ ಮುಗಿಸಿ, ಯಾವ ಚಿತ್ರ ಯಾವ ವೇಗದ್ದೆಂದು ಬರೆದಿಟ್ಟುಕೊಳ್ಳಲು ಅವರ ಅನುಮತಿ ಕೇಳಿ. ತೊಳೆಸಿದ ನೆಗೆಟಿವನ್ನು ಮೊದಲು ಅವರಿಗೇ ತೋರಿಸಿ. ಅದನ್ನು ಬೆಳಕಿಗೆ ಹಿಡಿದು ದೋಷ ಹೇಳಬಲ್ಲವರು ನಿಮ್ಮೂರಿನಲ್ಲಿ ಅವರಿಗಿಂತ ಬೇರೆ ಯಾರೂ ಸಿಗಲಾರರು.