ಓದುಗರ ಗ್ಯಾರೇಜು: ಎಟಿಯೋಸ್ ಕೊಳ್ಳುವವರಿಗೆ, ಓಡಿಸುವವರಿಗೆ

ಈ ಸಲದ ಪತ್ರಗಳಲ್ಲಿ ಬಹುಪಾಲು ಟೊಯೋಟಾ ಎಟಿಯೋಸ್ ಸೆಡಾನಿನ ಬಗ್ಗೆಯೇ ಬಂದಿವೆ. ನಮ್ಮ ಬಿಡದಿಯಲ್ಲೇ ತಯಾರಾಗುತ್ತಿದ್ದ ಗಾಡಿ. 2010ರ ಡಿಸೆಂಬರಿನಲ್ಲಿ ಬಿಡುಗಡೆಯಾಯಿತು, 2020ರಲ್ಲಿ ಹೊಗೆ ಮಾಲಿನ್ಯದ ಬಿಎಸ್6 ನಿಯಮ ಬರುವ ಹೊತ್ತಿಗೆ ನಿಂತಿತು. ಈಗ ಸಿಗುವುದೆಲ್ಲ ಸೆಕೆಂಡ್ ಹ್ಯಾಂಡ್. ಪೆಟ್ರೋಲ್ ಎಂಜಿನ್ 1496 ಸಿಸಿ, ಡೀಸೆಲ್ 1364 ಸಿಸಿ. ಯಾವುದು ಯಾವುದಕ್ಕೆ ಅನ್ವಯಿಸುತ್ತದೆ ಎಂದು ಉತ್ತರದಲ್ಲೇ ಹೇಳಿದ್ದೇವೆ.

ಪ್ರಶ್ನೆ: 2014ರ ಡೀಸೆಲ್ ಎಟಿಯೋಸ್ ನೋಡಿಟ್ಟಿದ್ದೇವೆ. ಬಿಳಿ ಬೋರ್ಡು, ಮೀಟರಿನಲ್ಲಿ 82,000 ಕಿ.ಮೀ. ಇದೆ. ಮೊದಲು ಟ್ಯಾಕ್ಸಿಗೆ ಓಡಿರಬಹುದೇ ಎಂಬ ಅನುಮಾನ. ಹೇಗೆ ಪತ್ತೆ ಮಾಡುವುದು? (ಚನ್ನರಾಯಪಟ್ಟಣ)

ಅನುಮಾನ ಪಡುವುದೇ ಸರಿ. ಡೀಸೆಲ್ ಎಟಿಯೋಸ್ ಟ್ಯಾಕ್ಸಿಯವರ ಅಚ್ಚುಮೆಚ್ಚಿನ ಗಾಡಿಯಾಗಿತ್ತು. ಲೆಕ್ಕ ಹಾಕಿ ನೋಡಿ: ದಿನಕ್ಕೆ 200 ಕಿ.ಮೀ.ನಂತೆ ವರ್ಷಕ್ಕೆ 300 ದಿನ ಓಡಿದರೆ 60,000 ಕಿ.ಮೀ. ಮೂರೇ ವರ್ಷಕ್ಕೆ 1.8 ಲಕ್ಷ. ಹಳದಿ ಬೋರ್ಡನ್ನು ಆರ್‌ಟಿಒ ಮೂಲಕ ಬಿಳಿ ಬೋರ್ಡಿಗೆ ಬದಲಿಸುವುದು ಕಾನೂನುಬದ್ಧವೇ. ತಪ್ಪಿರುವುದು ಅದನ್ನು ಮುಚ್ಚಿಟ್ಟು ಮೀಟರು ತಿರುಗಿಸುವುದರಲ್ಲಿ.

ಮೊದಲು ಕಾಗದ. ಆರ್‌ಸಿಯಲ್ಲಿ ಈಗ 'ಮೋಟಾರ್ ಕಾರ್' ಎಂದಿದ್ದರೂ ಹಿಂದೆ 'ಮೋಟಾರ್ ಕ್ಯಾಬ್' ಆಗಿತ್ತೇ ಎಂದು ಆರ್‌ಟಿಒದಲ್ಲಿ ವಿಚಾರಿಸಿ. ಹಳೆಯ ಇನ್ಶೂರೆನ್ಸ್ ಪಾಲಿಸಿಯ ಪ್ರತಿಗಳನ್ನೂ ಕೇಳಿ, ಅದರಲ್ಲಿ ಖಾಸಗಿ ಕಾರೋ ಬಾಡಿಗೆ ವಾಹನವೋ ಎಂಬುದು ಬರೆದಿರುತ್ತದೆ. ಗಾಡಿ ನಂಬರು ಹೇಳಿದರೆ ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ಪ್ರತಿ ಸರ್ವಿಸ್ ದಿನದ ಕಿ.ಮೀ. ದಾಖಲೆ ಸಿಗುತ್ತದೆ. ಮಾಲೀಕರನ್ನೇ ಜೊತೆಗೆ ಕರೆದುಕೊಂಡು ಹೋಗಿ. ಬರಲು ಮೀನಮೇಷ ಎಣಿಸಿದರೆ ಅಲ್ಲಿಗೇ ಬಿಟ್ಟುಬಿಡಿ.

ಆಮೇಲೆ ಗಾಡಿ. ನಮ್ಮ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಸಾಕ್ಷಿ ಹಿಂದಿನ ಎಡಬಾಗಿಲು. ಮನೆಯ ಗಾಡಿಯಲ್ಲಿ ಹೆಚ್ಚು ಸವೆಯುವುದು ಡ್ರೈವರ್ ಬಾಗಿಲು. ಟ್ಯಾಕ್ಸಿಯಲ್ಲಿ ಪ್ರಯಾಣಿಕರು ಹತ್ತಿ ಇಳಿಯುವುದು ಹಿಂದಿನ ಎಡಬಾಗಿಲಿನಿಂದ. ಅದನ್ನು ಅರ್ಧ ತೆರೆದು ಕೈಬಿಡಿ. ನಿಲ್ಲದೆ ತಾನಾಗಿ ಮುಚ್ಚಿಕೊಂಡರೆ, ಹಿಡಿಯ ಒಳಭಾಗದಲ್ಲಿ ಉಗುರಿನ ಗೀರುಗಳು ದಟ್ಟವಾಗಿದ್ದರೆ, ಹೊಸ್ತಿಲಿನ ಬಣ್ಣ ಸವೆದಿದ್ದರೆ ಮೀಟರಿನ ಅಂಕಿ ಮರೆತುಬಿಡಿ. ಕ್ಲಚ್ ಮತ್ತು ಬ್ರೇಕ್ ಪೆಡಲಿನ ರಬ್ಬರು ನೋಡಿ. 82,000ಕ್ಕೆ ಗೆರೆ ಪೂರ್ತಿ ಅಳಿಸಿ ನುಣ್ಣಗಾಗುವುದಿಲ್ಲ. ರಬ್ಬರು ಹೊಚ್ಚ ಹೊಸದಾಗಿದ್ದರೆ ಇನ್ನೂ ಅನುಮಾನ! ಡ್ರೈವರ್ ಸೀಟ್ ಬೆಲ್ಟನ್ನು ಪೂರ್ತಿ ಎಳೆದು ಅಂಚು ಎಳೆಯೆಳೆಯಾಗಿದೆಯೇ ಗಮನಿಸಿ. ಡ್ಯಾಶ್‌ಬೋರ್ಡಿನಲ್ಲಿ ಸ್ಕ್ರೂ ತೂತು, ಟಾಪಿನಲ್ಲಿ ಕ್ಯಾರಿಯರ್ ಕ್ಲಾಂಪಿನ ಗುರುತು, ಬಾನೆಟ್ ಒಳಗೆ ವೇಗ ಮಿತಿಯಲ್ಲಿಡುವ ಸ್ಪೀಡ್ ಗವರ್ನರ್ ತೆಗೆದು ಟೇಪ್ ಸುತ್ತಿದ ವೈರು, ಇವೆಲ್ಲ ಹಳೆಯ ಹಳದಿ ಬೋರ್ಡಿನ ಗುರುತುಗಳೇ.

ಎಂಜಿನ್ ನೋಡಲು ಬೆಳಿಗ್ಗೆ ಹೋಗಿ, ಬಾನೆಟ್ ಮುಟ್ಟಿದರೆ ತಣ್ಣಗಿರಬೇಕು. ನೀವು ಹೋಗುವ ಮುಂಚೆಯೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರೆ ಏನನ್ನೋ ಮುಚ್ಚುತ್ತಿದ್ದಾರೆ. ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ. ಗಟ್ಟಿಯಾಗಿ ಆಕ್ಸಿಲರೇಟರ್ ಒತ್ತಿದಾಗ ದಟ್ಟ ಕಪ್ಪು ಹೊಗೆ ಬಂದರೆ ಇಂಜೆಕ್ಟರೋ, ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಬಿಡುವ ಇಜಿಆರ್ ವಾಲ್ವೋ ಕಟ್ಟಿದೆ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ ಕೂಲಂಟ್ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ತಲೆಭಾಗದ ಸೀಲು) ಅನುಮಾನ. ಎಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ಬಿಚ್ಚಿ ತೂತಿನ ಮೇಲೆ ತಲೆಕೆಳಗಾಗಿ ಸುಮ್ಮನೆ ಇಡಿ. ಸಣ್ಣಗೆ ನಡುಗಿದರೆ ಸರಿ. ಹಾರಿ ಬಿದ್ದರೆ ಪಿಸ್ಟನ್ ರಿಂಗು ಸವೆದಿದೆ, ಬಾಡಿಗೆಗೆ ಓಡಿತ್ತೋ ಇಲ್ಲವೋ ಎಂಬ ಚರ್ಚೆಯೇ ಬೇಡ. ಇಂಜೆಕ್ಟರಿನ ಬುಡದಲ್ಲಿ ಕಪ್ಪು ಡಾಂಬರಿನಂಥ ಗಟ್ಟಿ ಪದಾರ್ಥ ಕಂಡರೆ ಅದರ ತಾಮ್ರದ ವಾಷರ್ ಸೋರುತ್ತಿದೆ ಎಂದರ್ಥ, 'ಚಫ್ ಚಫ್' ಸದ್ದೂ ಕೇಳಿಸುತ್ತದೆ. ವಾಷರ್ ಅಗ್ಗ. ಆದರೆ ತಡ ಮಾಡಿದಷ್ಟೂ ಇಂಜೆಕ್ಟರು ಹೆಡ್ಡಿಗೆ ಕಚ್ಚಿಕೊಂಡು ಬಿಚ್ಚುವ ಕೂಲಿ ಏರುತ್ತದೆ.

ಟ್ಯಾಕ್ಸಿಗೆ ಓಡಿದ್ದು ಖಚಿತವಾದರೂ, ದಾಖಲೆ ನೇರವಾಗಿದ್ದು, ಆಯಿಲ್ ಹೊತ್ತಿಗೆ ಸರಿಯಾಗಿ ಬದಲಾಗಿದ್ದು, ಬೆಲೆ ಅದಕ್ಕೆ ತಕ್ಕಂತೆ ಇಳಿದಿದ್ದರೆ ಕೊಳ್ಳಬಹುದು. ಹೆದ್ದಾರಿಯಲ್ಲಿ ಓಡಿದ ಕಿಲೋಮೀಟರು, ಪೇಟೆಯ ಟ್ರಾಫಿಕ್ಕಿನ ಕಿಲೋಮೀಟರಿಗಿಂತ ಎಂಜಿನ್ನಿಗೆ ಹಗುರ. ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. 2014ರದಾದರೆ 2029ಕ್ಕೆ ತಪಾಸಣೆ ಮಾಡಿಸಿ ಐದು ವರ್ಷಕ್ಕೆ ನವೀಕರಿಸಬೇಕು. ಆ ಖರ್ಚನ್ನೂ ಈಗಲೇ ಬೆಲೆಯಲ್ಲಿ ಕಳೆಯಿರಿ.

ಪ್ರಶ್ನೆ: 1 ಲಕ್ಷ ಕಿ.ಮೀ. ಆಗಿದೆ, ಟೈಮಿಂಗ್ ಬೆಲ್ಟ್ ಬದಲಿಸಬೇಕು ಎನ್ನುತ್ತಾರೆ ನಮ್ಮ ಮೆಕ್ಯಾನಿಕ್. ಎಷ್ಟಾಗಬಹುದು? (ಗದಗ)

ಸೊನ್ನೆ ರೂಪಾಯಿ. ಎಟಿಯೋಸ್ ಪೆಟ್ರೋಲಿಗಾಗಲಿ ಡೀಸೆಲಿಗಾಗಲಿ ಎಂಜಿನ್ ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ತೆರೆಸುವ ಟೈಮಿಂಗ್ ಬೆಲ್ಟೇ ಇಲ್ಲ, ಎರಡರಲ್ಲೂ ಇರುವುದು ಚೈನು. ಅವರು ಹೇಳಿದ್ದು ಹೊರಗಿರುವ ಗೆರೆ ಗೆರೆಯ ಬೆಲ್ಟು, ಅಂದರೆ ಆಲ್ಟರ್ನೇಟರ್ ಮತ್ತು ಎಸಿ ಕಂಪ್ರೆಸರ್ ತಿರುಗಿಸುವುದಾದರೆ ಸರಿ. ಅದರ ಒಳಮೈಯಲ್ಲಿ ಬಿರುಕು ಕಂಡರೆ ಬದಲಿಸಿ. ಚೈನಿನ ಆಯಸ್ಸು ಎಂಜಿನ್ ಆಯಿಲಿನಲ್ಲಿದೆ. 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಆಗ ಆಯಿಲ್ ಮತ್ತು ಫಿಲ್ಟರ್ ಎರಡೂ ಬದಲಾಗಲಿ. ಬೆಳಗಿನ ಮೊದಲ ಸ್ಟಾರ್ಟಿನಲ್ಲಿ ಕೆಲವು ಸೆಕೆಂಡು ಗಲಗಲ ಸದ್ದು ಬಂದು ನಿಂತರೆ ಆಗ ಚೈನು, ಅದನ್ನು ಬಿಗಿ ಹಿಡಿಯುವ ಟೆನ್ಷನರ್ ನೋಡಿಸಿ.

ಪ್ರಶ್ನೆ: ಹಂಪ್ ಹತ್ತಿ ಇಳಿಯುವಾಗ ಮುಂದುಗಡೆ 'ಕಟ ಕಟ' ಸದ್ದು. ಒಬ್ಬರು ಶಾಕ್ ಅಬ್ಸಾರ್ಬರ್ ಅಂದರು, ಇನ್ನೊಬ್ಬರು ಸ್ಟೇರಿಂಗ್ ರ‍್ಯಾಕ್ ಅಂದರು. ಲೋವರ್ ಆರ್ಮ್ ಬುಶ್ (ಚಕ್ರ ಹಿಡಿದಿಡುವ ಕೆಳಗಿನ ತೋಳಿನ ರಬ್ಬರು) ಹೋದ ವರ್ಷವೇ ಹೊಸದು ಹಾಕಿಸಿದ್ದೇನೆ. (ಶಿವಮೊಗ್ಗ)

ದುಬಾರಿ ಭಾಗ ಬಿಚ್ಚುವ ಮೊದಲು ಅಗ್ಗದ್ದನ್ನು ನೋಡಿ. ಸಣ್ಣ ಸಣ್ಣ ಗುಂಡಿಯಲ್ಲಿ, 20 ಕಿ.ಮೀ. ವೇಗದಲ್ಲಿ ಚುರುಕಾದ ಕಟಕಟ ಬಂದರೆ ಬಹುಮಟ್ಟಿಗೆ ಸ್ಟೆಬಿಲೈಸರ್ ಲಿಂಕ್, ತಿರುವಿನಲ್ಲಿ ಗಾಡಿ ವಾಲದಂತೆ ತಡೆಯುವ ಭಾಗದ ಕೊಂಡಿ. ಗೇಣುದ್ದದ ಸರಳು, ಎರಡು ತುದಿಗೂ ಬಾಲ್ ಜಾಯಿಂಟ್. ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಲಟಕ್ ಅನ್ನುತ್ತದೆ. ನಿಂತಲ್ಲೇ ಸ್ಟೇರಿಂಗ್ ತಿರುಗಿಸಿದಾಗ ಸ್ಪ್ರಿಂಗ್ ಟಂಗ್ ಎಂದು ಜಿಗಿದಂತಾದರೆ ಸ್ಟ್ರಟ್ಟಿನ (ಸ್ಪ್ರಿಂಗ್ ಕೂರುವ ಶಾಕ್ ಅಬ್ಸಾರ್ಬರ್) ಮೇಲಿನ ಮೌಂಟ್ ಬೇರಿಂಗ್. ಬ್ರೇಕ್ ಹಾಕಿದಾಗಲೂ ಬಿಟ್ಟಾಗಲೂ 'ಧಡ್' ಎಂದು ಒಂದೇ ಸಲ ಹೊಡೆದರೆ ಲೋವರ್ ಆರ್ಮಿನ ಬುಶ್.

ಒಂದೇ ವರ್ಷಕ್ಕೆ ಬುಶ್ ಹರಿದಿದ್ದರೆ ಕಾರಣ ಸಾಮಾನ್ಯವಾಗಿ ಇದು: ಗಾಡಿಯನ್ನು ಲಿಫ್ಟಿನ ಮೇಲೆತ್ತಿ, ಚಕ್ರ ನೇತಾಡುತ್ತಿರುವಾಗಲೇ ಬುಶ್ಶಿನ ಬೋಲ್ಟನ್ನು ಪೂರ್ತಿ ಬಿಗಿದಿರುತ್ತಾರೆ. ಗಾಡಿ ಕೆಳಗಿಳಿದ ಕೂಡಲೇ ಆರ್ಮ್ ಮೇಲಕ್ಕೆ ಬರುತ್ತದೆ, ರಬ್ಬರು ತಿರುಚಿಕೊಂಡೇ ಉಳಿಯುತ್ತದೆ. ಪ್ರತಿ ಹಂಪ್‌ನಲ್ಲೂ ಇನ್ನಷ್ಟು ತಿರುಚಿ ಕೆಲವೇ ತಿಂಗಳಲ್ಲಿ ಸೀಳುತ್ತದೆ. ಬೋಲ್ಟನ್ನು ಕೈಬಿಗಿ ಮಾಡಿ, ಗಾಡಿಯ ಭಾರ ಚಕ್ರದ ಮೇಲೆ ಬಿದ್ದ ನಂತರ ಪೂರ್ತಿ ಬಿಗಿಯಬೇಕು. ಇದನ್ನು ಹೇಳಿ ಮಾಡಿಸಿ. ಕೇಳಿ ನಗುವ ಗ್ಯಾರೇಜಾದರೆ ಬೇರೆ ಕಡೆ ಹೋಗಿ. ಆರ್ಮ್ ಬಿಚ್ಚಿದರೆ ವೀಲ್ ಅಲೈನ್‌ಮೆಂಟ್ ಬೇಕು. ಲಿಂಕ್ ಮಾತ್ರ ಬದಲಿಸಿದರೆ ಬೇಡ. ಎರಡೂ ಕಡೆಯ ಲಿಂಕ್ ಒಟ್ಟಿಗೇ ಹಾಕಿಸಿ. ಇದರ ಹ್ಯಾಚ್‌ಬ್ಯಾಕ್ ರೂಪವಾದ ಎಟಿಯೋಸ್ ಲಿವಾದ ಸಾಮಾನು ಇದಕ್ಕೂ ಬರುವುದರಿಂದ ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತದೆ.

ಪ್ರಶ್ನೆ: 90 ಕಿ.ಮೀ. ದಾಟಿದರೆ ಸ್ಟೇರಿಂಗ್ ನಡುಗುತ್ತದೆ. ಎರಡು ಸಲ ಅಲೈನ್‌ಮೆಂಟ್ ಮಾಡಿಸಿದೆ. (ದಾವಣಗೆರೆ)

ಅಲೈನ್‌ಮೆಂಟ್ ಕೆಟ್ಟರೆ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆ, ಟೈರಿನ ಒಂದು ಅಂಚು ಸವೆಯುತ್ತದೆ. ನಡುಕಕ್ಕೆ ಬೇಕಾದದ್ದು ಬ್ಯಾಲೆನ್ಸಿಂಗ್, ಅಂದರೆ ಚಕ್ರದ ಸುತ್ತ ತೂಕ ಸಮ ಮಾಡುವುದು. ಮುಂದಿನ ಚಕ್ರಗಳನ್ನು ಹಿಂದಕ್ಕೆ ಹಾಕಿ ಓಡಿಸಿ ನೋಡಿ. ನಡುಕ ಸ್ಟೇರಿಂಗಿನಿಂದ ಸೀಟಿಗೆ ಹೋದರೆ ದೋಷ ಆ ಚಕ್ರದಲ್ಲೇ. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಡಿಸ್ಕ್ ಸೊಟ್ಟಗಾಗಿದೆ. ಪಂಕ್ಚರ್ ಅಂಗಡಿಯಲ್ಲಿ ಪೈಪು ಸಿಕ್ಕಿಸಿ ಹತ್ತಿ ನಿಂತು ನಟ್ ಬಿಗಿಯುವುದೂ ಡಿಸ್ಕಿಗೆ ಒಳ್ಳೆಯದಲ್ಲ. ಈ ಗಾಡಿಗೆ 103 ನ್ಯೂಟನ್ ಮೀಟರ್ ಸಾಕು, ಎದುರು ಬದುರಿನ ನಟ್‌ಗಳನ್ನು ಒಂದಾದ ಮೇಲೊಂದರಂತೆ ಬಿಗಿಯಬೇಕು. ಟೈರಿನ ಪಕ್ಕದಲ್ಲಿ ಡಾಟ್ (DOT) ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿಯನ್ನೂ ಓದಿ. 2317 ಎಂದಿದ್ದರೆ 2017ರ 23ನೇ ವಾರದ್ದು. ಅಷ್ಟು ಹಳೆಯ ರಬ್ಬರಿಗೆ ಬ್ಯಾಲೆನ್ಸಿಂಗ್ ಮಾಡಿಸುವುದು ದಂಡ.

ಪ್ರಶ್ನೆ: 2013ರ ಪೆಟ್ರೋಲ್ ಗಾಡಿ. ಈಗ ಬಂಕುಗಳಲ್ಲಿ ಸಿಗುವ ಇ20 (ಶೇ. 20 ಎಥೆನಾಲ್ ಬೆರೆಸಿದ) ಪೆಟ್ರೋಲಿನಿಂದ ಮೈಲೇಜು ಬಿದ್ದಿದೆ. ಎಂಜಿನ್ ಹಾಳಾಗುತ್ತದೆಯೇ? (ಮೈಸೂರು)

ಮೈಲೇಜು ಬೀಳುವುದು ನಿಜ, ಎಷ್ಟು ಎಂಬ ಲೆಕ್ಕ ಇಲ್ಲಿದೆ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿ, ಎಥೆನಾಲಿನಲ್ಲಿ ಸುಮಾರು 21. ಶೇ. 10 ಬೆರಕೆಯಿಂದ ಶೇ. 20ಕ್ಕೆ ಬಂದಾಗ ಲೀಟರಿನ ಶಕ್ತಿ ಶೇ. 3.5ರಷ್ಟು ಇಳಿಯುತ್ತದೆ. ಲೀಟರಿಗೆ 16 ಕಿ.ಮೀ. ಕೊಡುತ್ತಿದ್ದ ಗಾಡಿ 15.4ರ ಆಸುಪಾಸು ಕೊಡಬೇಕು. ನಿಮ್ಮದು 12ಕ್ಕೆ ಇಳಿದಿದ್ದರೆ ಎಥೆನಾಲನ್ನು ಬೈಯುವ ಮೊದಲು ಟೈರಿನ ಗಾಳಿ, ಏರ್ ಫಿಲ್ಟರ್, ಹಿಡಿದುಕೊಂಡಿರುವ ಬ್ರೇಕ್ ನೋಡಿ. ಅಳೆಯುವುದೂ ಫುಲ್ ಟ್ಯಾಂಕಿನಿಂದ ಫುಲ್ ಟ್ಯಾಂಕಿಗೆ, ಒಂದೇ ಬಂಕಿನಲ್ಲಿ.

ಹಳೆಯ ಗಾಡಿಯಲ್ಲಿ ನಿಗಾ ಇಡಬೇಕಾದದ್ದು ರಬ್ಬರು: ಪೆಟ್ರೋಲ್ ಪೈಪು, ಇಂಜೆಕ್ಟರಿನ ಓ-ರಿಂಗ್, ಟ್ಯಾಂಕಿನ ಒಳಗಿನ ಪಂಪಿನ ಸೀಲು. ಪ್ರತಿ ಸರ್ವಿಸಿನಲ್ಲೂ ಪೈಪನ್ನು ಬಾಗಿಸಿ ಬಿರುಕು ನೋಡಿಸಿ. ಗಾಡಿಯೊಳಗೆ ಪೆಟ್ರೋಲ್ ವಾಸನೆ ಬಂದರೆ ಆ ದಿನವೇ ಗ್ಯಾರೇಜಿಗೆ. ಎಥೆನಾಲ್ ಗಾಳಿಯ ತೇವ ಹೀರುತ್ತದೆ. ಅದಕ್ಕೇ ತಿಂಗಳುಗಟ್ಟಲೆ ಕಾಲು ಟ್ಯಾಂಕಿನಲ್ಲಿ ನಿಲ್ಲಿಸಬೇಡಿ.

ಪ್ರಶ್ನೆ: ಚಾರ್ಮಾಡಿ ಘಾಟಿ ಇಳಿದ ಮೇಲೆ ಸುಟ್ಟ ವಾಸನೆ, ಬ್ರೇಕ್ ಪೆಡಲ್ ಮೆತ್ತಗಾಗಿತ್ತು. ಮರುದಿನ ಸರಿಹೋಯಿತು. (ಮೂಡಿಗೆರೆ)

ಸರಿಹೋಗಿಲ್ಲ, ತಣ್ಣಗಾಗಿದೆ ಅಷ್ಟೆ. ಬ್ರೇಕ್ ಆಯಿಲ್ ವರ್ಷಗಳಲ್ಲಿ ನೀರಿನಂಶ ಹೀರುತ್ತದೆ, ಅದರಿಂದ ಕುದಿಯುವ ಮಟ್ಟ ಇಳಿಯುತ್ತದೆ. ಬಿಸಿಗೆ ಕುದಿದು ಆವಿಯ ಗುಳ್ಳೆ ಎದ್ದಾಗ ಪೆಡಲ್ ಮೆತ್ತಗಾಗುವುದು. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ. ಮೇಲಿನ ಡಬ್ಬಿಯದನ್ನು ಮಾತ್ರ ತೆಗೆದು ತುಂಬಿದರೆ ಪ್ರಯೋಜನವಿಲ್ಲ, ನಾಲ್ಕೂ ಚಕ್ರದಿಂದ ಹೊಸ ಬಣ್ಣದ ಆಯಿಲ್ ಬರುವವರೆಗೆ ಹರಿಸಬೇಕು. ಇಳಿಯುವಾಗ ಹತ್ತಲು ಬೇಕಾದ ಗೇರಿನಲ್ಲೇ ಇಳಿಯಿರಿ, ಎರಡು ಅಥವಾ ಮೂರು. ಬ್ರೇಕನ್ನು ಸವರುತ್ತಲೇ ಇರದೆ ಗಟ್ಟಿಯಾಗಿ ಒತ್ತಿ ವೇಗ ಇಳಿಸಿ ಪೂರ್ತಿ ಬಿಡಿ. ನ್ಯೂಟ್ರಲ್ ಮಾಡಿ ಡೀಸೆಲ್ ಉಳಿಸುವವರಿಗೆ ಒಂದು ಮಾತು: ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟಾಗ ಇಂಜೆಕ್ಷನ್ನೇ ನಿಲ್ಲುತ್ತದೆ, ನ್ಯೂಟ್ರಲ್ಲಿನಲ್ಲಿ ಎಂಜಿನ್ ತಿರುಗಲು ಡೀಸೆಲ್ ಬೇಕು.

ಪ್ರಶ್ನೆ: ಕೂಲಂಟ್ ಕಡಿಮೆಯಾದರೆ ಬೋರ್ ನೀರು ಹಾಕಬಹುದೇ? (ಕೋಲಾರ)

ಬೇಡ. ಗಡಸು ನೀರಿನ ಸುಣ್ಣ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಕಟ್ಟುತ್ತದೆ, ನಿಮ್ಮ ಮನೆಯ ಗೀಸರಿನ ಕಾಯಿಲ್ ಬಿಚ್ಚಿ ನೋಡಿದರೆ ಗೊತ್ತಾಗುತ್ತದೆ. ಟೊಯೋಟಾದ ಗುಲಾಬಿ ಬಣ್ಣದ ಕೂಲಂಟನ್ನೇ ಹಾಕಿ, ಹಸಿರಿನದನ್ನು ಬೆರೆಸಬೇಡಿ. ದಾರಿಯಲ್ಲಿ ಬೇರೆ ಗತಿಯಿಲ್ಲದಿದ್ದರೆ ಡಿಸ್ಟಿಲ್ಡ್ ವಾಟರ್, ಅದೂ ಎಂಜಿನ್ ತಣಿದ ಮೇಲೆ. ಪದೇ ಪದೇ ಕಡಿಮೆಯಾಗುತ್ತಿದ್ದರೆ ಎಲ್ಲೋ ಸೋರುತ್ತಿದೆ, ತುಂಬುತ್ತಾ ಕೂರಬೇಡಿ.

ಪ್ರಶ್ನೆ: ಮಳೆಗೆ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಸೀಟಿನ ಮಟ್ಟಕ್ಕೆ ನೀರು ನಿಂತಿತ್ತು. ಸ್ಟಾರ್ಟ್ ಮಾಡಿ ನೋಡಲೇ? (ಬೆಂಗಳೂರು)

ಕೀಲಿಯನ್ನೇ ತಿರುಗಿಸಬೇಡಿ. ಸಿಲಿಂಡರಿನಲ್ಲಿ ನೀರಿದ್ದರೆ ಅದು ಗಾಳಿಯ ಹಾಗೆ ಕುಗ್ಗುವುದಿಲ್ಲ, ಪಿಸ್ಟನ್ನಿಗೆ ಸೇರಿದ ಕನೆಕ್ಟಿಂಗ್ ರಾಡ್ ಬಾಗುತ್ತದೆ. ನೀರಿಳಿದ ಮೇಲೆ ಗಾಡಿ ಕದಲಿಸುವ ಮೊದಲೇ ನೀರಿನ ಗುರುತು ಕಾಣುವಂತೆ ಫೋಟೊ ತೆಗೆದು ಇನ್ಶೂರೆನ್ಸಿನವರಿಗೆ ತಿಳಿಸಿ. ಬ್ಯಾಟರಿಯ ನೆಗೆಟಿವ್ ಕೇಬಲ್ ಕಳಚಿ, ನಂತರ ಟೋ ಮಾಡಿಸಿ. ಮುಳುಗಿದ ಗಾಡಿಯನ್ನು ಸ್ಟಾರ್ಟ್ ಮಾಡಿ ಎಂಜಿನ್ ಕೆಟ್ಟರೆ, ಪಾಲಿಸಿಯಲ್ಲಿ ಎಂಜಿನ್ ಪ್ರೊಟೆಕ್ಷನ್ ಸೇರಿಸಿರದಿದ್ದರೆ ಸಾಮಾನ್ಯವಾಗಿ ಹಣ ಬರುವುದಿಲ್ಲ. ಗ್ಯಾರೇಜಿನಲ್ಲಿ ಏರ್ ಫಿಲ್ಟರ್ ಬಿಚ್ಚಿ ಒದ್ದೆಯೇ ನೋಡಲಿ. ಪೆಟ್ರೋಲ್ ಗಾಡಿಯಾದರೆ ನಾಲ್ಕೂ ಸ್ಪಾರ್ಕ್ ಪ್ಲಗ್ ತೆಗೆದು, ಎಂಜಿನ್ನನ್ನು ಕೈಯಿಂದ ತಿರುಗಿಸಿ ನೀರು ಹೊರಹಾಕಲಿ. ಆಯಿಲ್ ಮಜ್ಜಿಗೆ ಬಣ್ಣಕ್ಕೆ ತಿರುಗಿದ್ದರೆ ಎಂಜಿನ್ ಆಯಿಲ್, ಗೇರ್ ಆಯಿಲ್ ಎರಡೂ ಹೊಸದು. ಸೀಟು ಬಿಚ್ಚಿ ಕಾರ್ಪೆಟ್ಟಿನ ಕೆಳಗಿನ ಫೋಮ್ ಪೂರ್ತಿ ಒಣಗಿಸಿ. ಅಲ್ಲೇ ಉಳಿದ ತೇವದಿಂದ ವೈರಿಂಗ್ ಕಪ್ಲರಿಗೆ ಹಸಿರು ಕಿಲುಬು ಹಿಡಿದು, ಮೂರ್ನಾಲ್ಕು ತಿಂಗಳ ನಂತರ ಒಂದೊಂದೇ ವಾರ್ನಿಂಗ್ ಲೈಟ್ ಹತ್ತಲು ಶುರುವಾಗುತ್ತದೆ.