'ದುಡ್ಡು ಕೊಡದಿದ್ದರೂ ಪರವಾಗಿಲ್ಲ' ಅಂತ ಅರ್ಜಿಯಲ್ಲಿ ಬರೆಯಬೇಡಿ
ಸ್ತ್ರೀವಾದಿ ಪತ್ರಿಕೆಯಲ್ಲೋ ಮಹಿಳಾ ಸಂಸ್ಥೆಯಲ್ಲೋ ಇಂಟರ್ನ್‌ಶಿಪ್ ಬೇಕು, ಇಂಗ್ಲಿಷ್ ಅಷ್ಟಕ್ಕಷ್ಟೆ, ದುಡ್ಡು ಕೊಡದಿದ್ದರೂ ಸರಿ ಅಂತ ಕೇಳಿದ್ದೀರಿ. ದಾವಣಗೆರೆಯಿಂದ ಬೆಂಗಳೂರಿಗೆ ಬಂದ ಹೊಸದರಲ್ಲಿ ನಾನೂ ಅರ್ಜಿಗಳಲ್ಲಿ ಇದನ್ನೇ ಬರೆಯುತ್ತಿದ್ದೆ. ಹಾಗೇ ಒಂದು ಸಣ್ಣ ಸಂಸ್ಥೆ ಸೇರಿದೆ. ಹಗಲು ಪೀಣ್ಯದ ವಠಾರಗಳಲ್ಲಿ ಗಾರ್ಮೆಂಟ್ಸ್ ಹೆಣ್ಣುಮಕ್ಕಳ ಸರ್ವೆ, ರಾತ್ರಿ ವರದಿ. ಆ ಕೆಲಸ ನನಗೆ ಪ್ರಾಣವಾಗಿತ್ತು. ಆಮೇಲೆ ಸಂಬಳದ ಹುದ್ದೆಯನ್ನೂ ಕೊಟ್ಟರು.

ಎಡವಿದ್ದು ಅಲ್ಲೇ. ಸಂಬಳ ಎಷ್ಟು ಅಂತ ಕೇಳಿದೆ. ಅದು ಯಾವ ಪ್ರಾಜೆಕ್ಟಿನಿಂದ ಬರುತ್ತೆ, ಆ ಪ್ರಾಜೆಕ್ಟ್ ಯಾವಾಗ ಮುಗಿಯುತ್ತೆ ಅಂತ ಕೇಳಲಿಲ್ಲ. ಎನ್‌ಜಿಒಗಳಲ್ಲಿ ನಿಮ್ಮನ್ನು ತೆಗೆದುಕೊಳ್ಳುವುದು ಸಂಸ್ಥೆಯಾದರೂ ಸಾಕುವುದು ಸಾಮಾನ್ಯವಾಗಿ ಒಂದು ಪ್ರಾಜೆಕ್ಟು. ನಮಗೆ ವಿದೇಶಿ ದೇಣಿಗೆ ನೇರವಾಗಿ ಬರುತ್ತಿರಲಿಲ್ಲ. ದೊಡ್ಡ ಸಂಸ್ಥೆಯೊಂದು ಪಡೆದು, ಅದರಲ್ಲಿ ಒಂದು ಪಾಲು ನಮಗೆ ಕೊಡುತ್ತಿತ್ತು. 2020ರ ಸೆಪ್ಟೆಂಬರ್‌ನಲ್ಲಿ ವಿದೇಶಿ ದೇಣಿಗೆಯನ್ನು ನಿಯಂತ್ರಿಸುವ ಎಫ್‌ಸಿಆರ್‌ಎ ಕಾಯ್ದೆಗೆ ತಿದ್ದುಪಡಿಯಾಯಿತು. ಒಬ್ಬರು ಪಡೆದ ವಿದೇಶಿ ಹಣವನ್ನು ಇನ್ನೊಂದು ಸಂಸ್ಥೆಗೆ ಕೊಡುವಂತಿಲ್ಲ ಎಂದಾಯಿತು. ಆ ಹಣದಲ್ಲಿ ಆಡಳಿತಕ್ಕೆ ಖರ್ಚು ಮಾಡಬಹುದಾದ ಮಿತಿಯೂ ಶೇ 50ರಿಂದ ಶೇ 20ಕ್ಕೆ ಇಳಿಯಿತು. ನನ್ನ ಹುದ್ದೆ ಹೋಯಿತು. ಕಾಯ್ದೆ ಯಾರ ಕೈಲೂ ಇರಲಿಲ್ಲ, ನಿಜ. ಆದರೆ ದುಡ್ಡು ಬರುವ ದಾರಿ ಗೊತ್ತಿದ್ದಿದ್ದರೆ ಇದ್ದ ಉಳಿತಾಯವನ್ನೆಲ್ಲ ಬಾಡಿಗೆ ಮನೆಯ ಅಡ್ವಾನ್ಸಿಗೆ ಸುರಿಯುತ್ತಿರಲಿಲ್ಲ, ಇನ್ನೊಂದು ಕಡೆ ಕರೆದಾಗ ಒಲ್ಲೆ ಅನ್ನುತ್ತಿರಲಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ, ದುಡ್ಡಿನ ಮಾತು ಮೊದಲೇ ಆಗಲಿ. ಹೆಣ್ಣಿನ ದುಡಿಮೆಗೆ ಬೆಲೆ ಸಿಗಬೇಕು ಅಂತ ಹೋರಾಡುವವರೇ ನಿಮ್ಮನ್ನು ಪುಕ್ಕಟೆ ದುಡಿಸಿಕೊಂಡರೆ ಅಲ್ಲಿ ಕಲಿಯುವುದೇನಿದೆ? ಬಸ್ ಚಾರ್ಜು, ಊಟದ ಖರ್ಚಾದರೂ ಕೊಡಲಿ, ಅದನ್ನು ಪತ್ರದಲ್ಲಿ ಬರೆದು ಕೊಡಲಿ. ಇನ್ನೊಂದು: ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ, ಸಂಬಳವಿಲ್ಲದ ಸ್ವಯಂಸೇವಕಿಯನ್ನೂ ತರಬೇತಿಗೆ ಬಂದವಳನ್ನೂ ಉದ್ಯೋಗಿ ಎಂದೇ ಪರಿಗಣಿಸುತ್ತದೆ. 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಇಂಥ ದೂರು ಕೇಳುವ ಆಂತರಿಕ ಸಮಿತಿ ಇರಲೇಬೇಕು. ಅದರಲ್ಲಿ ಯಾರಿದ್ದಾರೆ ಅಂತ ಸಂದರ್ಶನದಲ್ಲೇ ಕೇಳಿ. ಮುಖ ಗಂಟಿಕ್ಕಿದರೆ ಎದ್ದು ಬನ್ನಿ.

ಇಂಗ್ಲಿಷ್ ಬಗೆಗಿನ ನಿಮ್ಮ ಅಳುಕನ್ನು ನಾನು ಒಪ್ಪುವುದಿಲ್ಲ. ಖಬರ್ ಲಹರಿಯಾ ಪತ್ರಿಕೆ 2002ರಲ್ಲಿ ಉತ್ತರ ಪ್ರದೇಶದ ಚಿತ್ರಕೂಟದಲ್ಲಿ ಶುರುವಾದದ್ದು ಅಲ್ಲಿನ ಆಡುಮಾತಾದ ಬುಂದೇಲಿಯಲ್ಲಿ, ಹಳ್ಳಿಯ ಹೆಣ್ಣುಮಕ್ಕಳೇ ಅದರ ವರದಿಗಾರರು. ಬೆಂಗಳೂರಿನ ಸಂಸ್ಥೆಗಳಲ್ಲಿ ಇಂಗ್ಲಿಷ್ ಬರೆಯುವವರಿಗೆ ಬರವಿಲ್ಲ. ಕಾರ್ಮಿಕ ಹೆಂಗಸಿನ ಪಕ್ಕ ಕೂತು, ಅವಳ ಮಾತನ್ನು ಅವಳ ಮಾತಾಗಿಯೇ ಬರೆದುಕೊಳ್ಳುವವರು ಬಹಳ ಕಡಿಮೆ. ನನಗೆ ಈಗಿನ ಕೆಲಸ ಸಿಕ್ಕಿದ್ದೂ ಪೀಣ್ಯದ ಮಾತುಕತೆಗಳನ್ನು ಕನ್ನಡದಲ್ಲಿ ಬರೆದು ಕಳಿಸಿದ್ದರಿಂದ.

ನಿಮ್ಮೂರಿನ ಆಶಾ ಕಾರ್ಯಕರ್ತೆಯರನ್ನೋ ಬೀಡಿ ಕಟ್ಟುವವರನ್ನೋ ಮಾತಾಡಿಸಿ (ಒಪ್ಪಿಗೆ ಪಡೆದು, ಹೆಸರು ಹಾಕುವುದು ಬೇಡವೆಂದರೆ ಬದಲಿಸಿ), ಬರೆದು ಹಿತೈಷಿಣಿಯಂಥ ಕನ್ನಡ ಜಾಲಪತ್ರಿಕೆಗೆ ಕಳಿಸಿ. ಅರ್ಜಿಯ ಜೊತೆ ಆ ಬರಹ ಲಗತ್ತಿಸಿ. ಖಾಲಿ ಹುದ್ದೆಗಳಿಗೆ ಎನ್‌ಜಿಒ ಕೆಲಸಗಳ ಜಾಲತಾಣ ಡೆವ್‌ನೆಟ್ ನೋಡುತ್ತಿರಿ. ಜಾಹೀರಾತಿನಲ್ಲಿ ಹುದ್ದೆಯ ಅವಧಿ ಹಾಕಿಲ್ಲದಿದ್ದರೆ ಅರ್ಜಿ ಹಾಕುವ ಮುಂಚೆಯೇ ಫೋನ್ ಮಾಡಿ ಕೇಳಿ.