ಸಹಿಗೆ ಇಡಿಗಂಟು, ಖಾತ್ರಿಗೆ ಕತ್ತರಿ

ಪ್ರಶ್ನೆ: ನನ್ನ ಮಗ ಖಾಸಗಿ ವಿಮಾನಯಾನ ಸಂಸ್ಥೆಯೊಂದರಲ್ಲಿ ಸಹಪೈಲಟ್. ಅವನ ತರಬೇತಿಗಾಗಿ ಮನೆ ಅಡವಿಟ್ಟು ತೆಗೆದ ಸಾಲ ಇನ್ನೂ ತೀರಿಲ್ಲ. ಈಗ ಸಂಸ್ಥೆ ಹೊಸ ಒಪ್ಪಂದವನ್ನು ಮುಂದಿಟ್ಟಿದೆ. ಸಹಿ ಹಾಕಿದರೆ ಒಂದು ಇಡಿಗಂಟು ಸಿಗುತ್ತದೆ, ಹಾರಾಟದ ಗಂಟೆಯ ದರವೂ ಏರುತ್ತದೆ. ಆದರೆ ಹಾರಾಟ ಕಡಿಮೆಯಾದರೂ ತಿಂಗಳಿಗೆ 70 ಗಂಟೆಗಿದ್ದ ಖಾತ್ರಿ ಸಂಬಳ 40 ಗಂಟೆಗೆ ಇಳಿಯುತ್ತದೆ; ಮೂರು ವರ್ಷದೊಳಗೆ ಬಿಟ್ಟರೆ ದಂಡ ಕಟ್ಟಬೇಕೆಂಬ ಬಾಂಡ್ ಬೇರೆ. ಸಾಲ ತೀರಿಸಲು ಇದೇ ದಾರಿ ಎನ್ನುತ್ತಾನೆ ಮಗ. ತಮ್ಮ ಸಲಹೆ ಏನು?
– ಹೆಸರು ಬೇಡ, ಧಾರವಾಡ

ಉತ್ತರ: ಗಂಟೆಯ ದರ ಎಷ್ಟು ಏರಿತು ಎಂಬುದಕ್ಕಿಂತ, ವಿಮಾನ ಹಾರದ ತಿಂಗಳಲ್ಲಿ ಮನೆಗೆ ಎಷ್ಟು ಬರುತ್ತದೆ ಎಂಬುದನ್ನು ಮೊದಲು ನೋಡಬೇಕು. ಲೆಕ್ಕಕ್ಕೆಂದು ಹಳೆಯ ದರ ಗಂಟೆಗೆ 4,000 ರೂಪಾಯಿ, ಹೊಸದು 5,000 ಎಂದುಕೊಳ್ಳೋಣ. 75 ಗಂಟೆ ಹಾರಿದ ತಿಂಗಳಲ್ಲಿ ಹಳೆಯ ಒಪ್ಪಂದದಲ್ಲಿ 3 ಲಕ್ಷ, ಹೊಸದರಲ್ಲಿ 3.75 ಲಕ್ಷ. ಆದರೆ 45 ಗಂಟೆ ಮಾತ್ರ ಹಾರಿದ ತಿಂಗಳಲ್ಲಿ ಹಳೆಯದು 70 ಗಂಟೆಯ ಖಾತ್ರಿಯಿಂದಾಗಿ 2.80 ಲಕ್ಷ ಕೊಡುತ್ತಿತ್ತು, ಹೊಸದು 2.25 ಲಕ್ಷಕ್ಕೆ ನಿಲ್ಲುತ್ತದೆ. ಈ ದರಗಳಲ್ಲಿ 56 ಗಂಟೆ ಗಡಿರೇಖೆ. ಅದಕ್ಕಿಂತ ಕಡಿಮೆ ಹಾರಿದ ಪ್ರತಿ ತಿಂಗಳೂ ನಷ್ಟ. ನಿಮ್ಮ ಮಗನ ನಿಜವಾದ ದರಗಳನ್ನು ಹಾಕಿ, ಕಳೆದ ಎರಡು ವರ್ಷಗಳ ಲಾಗ್‌ಬುಕ್ ಬಿಚ್ಚಿಟ್ಟುಕೊಂಡು ಇದೇ ಲೆಕ್ಕ ಮಾಡಲು ಹೇಳಿ.

ಹಾರಾಟದ ಗಂಟೆಗಳು ಪೈಲಟ್ಟನ ಕೈಯಲ್ಲಿ ಇಲ್ಲ ಎಂಬುದೇ ಇಲ್ಲಿನ ತೊಡಕು. ಪ್ರ್ಯಾಟ್ ಅಂಡ್ ವಿಟ್ನಿ ಎಂಜಿನ್‌ಗಳ ದೋಷದಿಂದ 2023ರ ಆಸುಪಾಸಿನಲ್ಲಿ ನಮ್ಮ ದೇಶದಲ್ಲೇ ಹತ್ತಾರು ವಿಮಾನಗಳು ನೆಲ ಹಿಡಿದವು. ಇಂಥ ಸಂದರ್ಭದಲ್ಲಾಗಲಿ, ಸಂಸ್ಥೆ ಅಗತ್ಯಕ್ಕಿಂತ ಹೆಚ್ಚು ಪೈಲಟ್‌ಗಳನ್ನು ಸೇರಿಸಿಕೊಂಡಾಗಲಾಗಲಿ ರೋಸ್ಟರ್, ಅಂದರೆ ಹಾರಾಟದ ಪಾಳಿಪಟ್ಟಿ, ತೆಳುವಾಗುತ್ತದೆ. ಖಾತ್ರಿ ಇದ್ದರೆ ಆ ನಷ್ಟ ಸಂಸ್ಥೆಯದು, ಇಲ್ಲದಿದ್ದರೆ ಪೈಲಟ್‌ನದು. ಏರ್ ಇಂಡಿಯಾದೊಂದಿಗೆ ವಿಲೀನವಾಗುವ ಮುನ್ನ, 2024ರ ಆರಂಭದಲ್ಲಿ ವಿಸ್ತಾರಾ ಸಂಸ್ಥೆ ಖಾತ್ರಿಯನ್ನು 70ರಿಂದ 40 ಗಂಟೆಗೆ ಇಳಿಸಿದಾಗ ಪೈಲಟ್‌ಗಳು ಅಸಮಾಧಾನಗೊಂಡು, ಹಲವರು ಅನಾರೋಗ್ಯದ ರಜೆ ಹಾಕಿ, ಮಾರ್ಚ್ ಕೊನೆ ಮತ್ತು ಏಪ್ರಿಲ್ ಮೊದಲ ವಾರದಲ್ಲಿ ವಿಮಾನಗಳು ರದ್ದಾಗುವ ಮಟ್ಟಕ್ಕೆ ಹೋದದ್ದು ಈ ಕಾರಣಕ್ಕೇ.

ಬಾಂಡ್ ವಿಷಯ. ಬಾಂಡಿನಲ್ಲಿ ಎಷ್ಟು ಬರೆದಿದ್ದರೂ ಅಷ್ಟೂ ತಾನಾಗಿಯೇ ವಸೂಲಾಗುವುದಿಲ್ಲ. ಕರಾರು ಕಾಯ್ದೆಯ 74ನೇ ಕಲಮಿನಂತೆ ಆ ಮೊತ್ತದ ಮಿತಿಯೊಳಗೆ ನ್ಯಾಯವಾದ ಪರಿಹಾರ ಮಾತ್ರ ಸಿಗುತ್ತದೆ. ಹಾಗೆಂದು ಬಾಂಡನ್ನು ಬೆದರುಬೊಂಬೆ ಎಂದುಕೊಳ್ಳುವುದೂ ಬೇಡ. 2025ರ ಮೇ ತಿಂಗಳಲ್ಲಿ ವಿಜಯಾ ಬ್ಯಾಂಕ್ ಪ್ರಕರಣದಲ್ಲಿ, ಮೂರು ವರ್ಷಕ್ಕೆ ಮೊದಲೇ ಕೆಲಸ ಬಿಟ್ಟ ಅಧಿಕಾರಿ 2 ಲಕ್ಷ ರೂಪಾಯಿ ಕೊಡಬೇಕೆಂಬ ಷರತ್ತನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿದು, ಕರ್ನಾಟಕ ಹೈಕೋರ್ಟಿನ ತೀರ್ಪನ್ನು ರದ್ದುಮಾಡಿತು. ಇದರ ಮೇಲೆ ವಿಮಾನಯಾನ ನಿಯಂತ್ರಕ ಡಿಜಿಸಿಎ 2017ರಲ್ಲಿ ತಂದ ನಿಯಮದಂತೆ ಸಹಪೈಲಟ್ ಆರು ತಿಂಗಳು, ಕಮಾಂಡರ್ ಒಂದು ವರ್ಷ ನೋಟಿಸ್ ಕೊಡಬೇಕು. ಖಾತ್ರಿ ಕಡಿಮೆ, ಹೊರಬರುವ ಬಾಗಿಲೂ ಕಿರಿದು ಎಂದಾಗ ಇಡಿಗಂಟಿನ ಆಸೆ ಸ್ವಲ್ಪ ಇಳಿಯಬೇಕು.

ಮಗನ ವಾದದಲ್ಲಿ ಹುರುಳಿಲ್ಲವೆಂದಲ್ಲ. ಕಿಂಗ್‌ಫಿಷರ್ 2012ರಲ್ಲಿ, ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ ಹಾರಾಟ ನಿಲ್ಲಿಸಿದಾಗ ಪೈಲಟ್‌ಗಳಿಗೆ ಬರಬೇಕಿದ್ದ ತಿಂಗಳುಗಟ್ಟಲೆಯ ಸಂಬಳ ಬಾಕಿ ಉಳಿಯಿತು. ಕಾಗದದ ಮೇಲಿನ ಯಾವ ಖಾತ್ರಿಯೂ ಆಗ ಕೆಲಸಕ್ಕೆ ಬರಲಿಲ್ಲ. ಆದ್ದರಿಂದ ಸಂಸ್ಥೆ ಏದುಸಿರು ಬಿಡುತ್ತಿದ್ದರೆ ಕೈಗೆ ಬಂದ ಹಣಕ್ಕೇ ಬೆಲೆ ಹೆಚ್ಚು. ಸಂಸ್ಥೆ ಗಟ್ಟಿಯಾಗಿದ್ದು, ಹೊಸ ವಿಮಾನಗಳನ್ನು ತರುತ್ತಿದ್ದರೆ, ಮೂವತ್ತು ವರ್ಷ ಹಾರಬೇಕಾದ ಹುಡುಗ ಖಾತ್ರಿಯನ್ನು ಬಿಟ್ಟುಕೊಡಬಾರದೆಂದೇ ನನ್ನ ಅಭಿಪ್ರಾಯ. ಇಡಿಗಂಟು ಮೂಲವೇತನಕ್ಕೆ ಸೇರುವುದಿಲ್ಲ, ಮುಂದಿನ ಏರಿಕೆಗೆ ಆಧಾರವೂ ಆಗುವುದಿಲ್ಲ.

ಪ್ರಶ್ನೆ: ಅಮೆರಿಕದ ಪೈಲಟ್‌ಗಳು ಭಾರೀ ಸಂಬಳ ಏರಿಕೆ ಸಿಗುವಾಗಲೂ ‘ಸ್ಕೋಪ್’ ಎಂಬ ಷರತ್ತಿಗಾಗಿ ಹಟ ಹಿಡಿಯುತ್ತಾರಂತೆ. ಅದರಲ್ಲಿ ಅಂಥದ್ದೇನಿದೆ?
– ಓದುಗರೊಬ್ಬರು, ಉಡುಪಿ

ಉತ್ತರ: ಯಾವ ಗಾತ್ರದ ವಿಮಾನವನ್ನು ಮುಖ್ಯ ಸಂಸ್ಥೆಯ ಪೈಲಟ್‌ಗಳೇ ಹಾರಿಸಬೇಕು, ಎಷ್ಟನ್ನು ಕಡಿಮೆ ಸಂಬಳದ ಪ್ರಾದೇಶಿಕ ಸಂಸ್ಥೆಗಳಿಗೆ ಗುತ್ತಿಗೆ ಕೊಡಬಹುದು ಎಂಬುದರ ಮಿತಿ ಅದು. ದೊಡ್ಡ ಸಂಸ್ಥೆಗಳಲ್ಲಿ ಈಗ ಸಾಮಾನ್ಯವಾಗಿ 76 ಆಸನಗಳ ಗಡಿಯಿದೆ. ಡೆಲ್ಟಾ ವಿಮಾನಯಾನ ಸಂಸ್ಥೆಯ ಪೈಲಟ್‌ಗಳು 2023ರಲ್ಲಿ ನಾಲ್ಕು ವರ್ಷಗಳಲ್ಲಿ ಶೇ 34ರಷ್ಟು ಏರಿಕೆ ಪಡೆದರು. ಅಂಥ ಏರಿಕೆಯನ್ನು ಮುಂದಿನ ಮಾತುಕತೆಯಲ್ಲಿ ಮತ್ತೆ ಕೇಳಬಹುದು. ಆದರೆ ಗುತ್ತಿಗೆಗೆಂದು ಹೊರಗೆ ಹೋದ ಮಾರ್ಗಗಳು ಹಿಂದಿರುಗುವುದು ಬಹಳ ಕಷ್ಟ. ಅಲ್ಲಿ ಎಲ್ಲವೂ ಜ್ಯೇಷ್ಠತೆಯ ಮೇಲೆ ನಿಂತಿದೆ: ಕ್ಯಾಪ್ಟನ್ ಹುದ್ದೆ, ದೊಡ್ಡ ವಿಮಾನ, ಹಬ್ಬದ ರಜೆ ಕೂಡ. ಸಂಸ್ಥೆ ಬದಲಿಸಿದರೆ ಪಟ್ಟಿಯ ತಳದಿಂದ ಶುರು. ಹೀಗಾಗಿ ಮುಖ್ಯ ಸಂಸ್ಥೆ ಬೆಳೆಯದಿದ್ದರೆ ಕಿರಿಯರು ವರ್ಷಗಟ್ಟಲೆ ಸಹಪೈಲಟ್‌ನ ಅದೇ ಬಲಬದಿಯ ಸೀಟಿನಲ್ಲಿ ಕೂತಿರುತ್ತಾರೆ.

ಸಂಬಳವೊಂದನ್ನೇ ನಂಬಿದರೆ ಏನಾಗುತ್ತದೆಂಬುದಕ್ಕೆ ಯುನೈಟೆಡ್ ಸಂಸ್ಥೆಯ ಕಥೆಯಿದೆ. ಅಲ್ಲಿನ ಪೈಲಟ್‌ಗಳು 2000ದಲ್ಲಿ ಆ ಕಾಲಕ್ಕೆ ಉದ್ಯಮದಲ್ಲೇ ಮೇಲ್ಪಂಕ್ತಿಯೆನಿಸಿದ ಒಪ್ಪಂದ ಗಳಿಸಿದರು. 2001ರ ಸೆಪ್ಟೆಂಬರ್ ದಾಳಿಯ ಬಳಿಕ ಸಂಸ್ಥೆ ಕುಸಿದು, 2002ರ ಡಿಸೆಂಬರ್‌ನಲ್ಲಿ ದಿವಾಳಿ ರಕ್ಷಣೆಗೆ ಮೊರೆಹೋಯಿತು. ಸಂಬಳ ಕಡಿತವಾಯಿತು, 2005ರಲ್ಲಿ ಪಿಂಚಣಿ ಯೋಜನೆಗಳನ್ನೂ ಸರ್ಕಾರಿ ಪಿಂಚಣಿ ವಿಮಾ ನಿಗಮದ ತಲೆಗೆ ಕಟ್ಟಲಾಯಿತು. ನಿಗಮದ ಪಾವತಿಗೆ ಮಿತಿಯಿರುವುದರಿಂದ ಹಿರಿಯ ಪೈಲಟ್‌ಗಳ ಪಿಂಚಣಿ ತೀವ್ರವಾಗಿ ಇಳಿಯಿತು. ಸಂಸ್ಥೆಯ ಲೆಕ್ಕಪತ್ರದ ಮೇಲೆ ನಿಂತ ಪಿಂಚಣಿಯ ಭರವಸೆಗಿಂತ, ಪೈಲಟ್‌ಗಳ ಸ್ವಂತ ನಿವೃತ್ತಿ ಖಾತೆಗೆ ಪ್ರತಿ ತಿಂಗಳು ಹಣ ಜಮೆಯಾಗುವ ವ್ಯವಸ್ಥೆಯನ್ನೇ ಅಲ್ಲಿನ ಒಕ್ಕೂಟಗಳು ಆಮೇಲೆ ಗಟ್ಟಿಮಾಡಿಕೊಂಡವು.

ಅಲ್ಲಿ ಒಕ್ಕೂಟ ಮಾತಾಡಿ, ಪೈಲಟ್‌ಗಳು ಮತ ಹಾಕಿ ಒಪ್ಪಂದವನ್ನು ಒಪ್ಪುತ್ತಾರೆ ಅಥವಾ ತಿರಸ್ಕರಿಸುತ್ತಾರೆ. ಧಾರವಾಡದ ಓದುಗರ ಮಗನಂತೆ ಇಲ್ಲಿನ ಅನೇಕರು ಒಬ್ಬೊಬ್ಬರೇ ಸಹಿ ಹಾಕಬೇಕಾಗಿದೆ. ಆತ ಸಹೋದ್ಯೋಗಿಗಳೊಡನೆ ಸೇರಿ ಮೂರು ವಿಷಯವನ್ನಾದರೂ ಲಿಖಿತವಾಗಿ ಕೇಳಲಿ: ಖಾತ್ರಿಯ ಇಳಿಕೆಗೆ ಒಂದು ಕೊನೆಯ ದಿನಾಂಕ, ವೈದ್ಯಕೀಯ ಕಾರಣದಿಂದ ನೆಲದಲ್ಲಿದ್ದಾಗ ಹಳೆಯ ಖಾತ್ರಿಯೇ ಅನ್ವಯ, ಮತ್ತು ಸಂದ ತಿಂಗಳುಗಳಿಗೆ ತಕ್ಕಂತೆ ಬಾಂಡಿನ ಮೊತ್ತ ಇಳಿಯುತ್ತ ಹೋಗುವುದು.